ಕನ್ನ ಹಾಕಿದವನು ದರೋಡೆಕೋರನಲ್ಲ

ಪ್ರಿಯ ತಂಗಿ,

ನಿನ್ನ ಅನುವಾದದ ಹಸ್ತಪ್ರತಿಯೂ ಜೊತೆಗಿಟ್ಟ ಪತ್ರವೂ ತಲುಪಿದವು. ಪ್ರಕಾಶಕರು ಕಾರಣ ತಿಳಿಸದೆ ವಾಪಸು ಕಳಿಸಿದರೆಂದು ನೊಂದು ಬರೆದಿದ್ದೀಯ. ಬರವಣಿಗೆ ನನ್ನ ಕೈಯಲ್ಲಾಗುವ ಕೆಲಸವೇ ಎಂದೂ ಕೇಳಿದ್ದೀಯ. ಆಗುತ್ತದೆ, ಆ ಮಾತು ಇಲ್ಲಿಗೆ ಬಿಡು. ದಿನಕ್ಕೆ ಎಷ್ಟು ಪುಟ ಬರೆಯಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಎಂಬುದಕ್ಕೆಲ್ಲ ಉತ್ತರ ಹೇಳುವವರು ಬೇಕಾದಷ್ಟು ಜನರಿದ್ದಾರೆ. ನನ್ನ ನಿದ್ದೆಗೆಡಿಸಿದ್ದು ನಿನ್ನ ಮೂರನೆಯ ಕಥೆಯ ಒಂದೇ ಒಂದು ಕ್ರಿಯಾಪದ.

ಇಂಗ್ಲಿಷ್ ಮೂಲದಲ್ಲಿ ‘ಬರ್ಗಲ್’, ಅಂದರೆ ಕದಿಯಲು ಮನೆಯೊಳಗೆ ನುಗ್ಗು, ಎಂದಿದ್ದಲ್ಲಿ ನೀನು ಒಮ್ಮೆ ‘ಕದ್ದ’, ಒಮ್ಮೆ ‘ದೋಚಿದ’, ಇನ್ನೊಮ್ಮೆ ‘ದರೋಡೆ ಮಾಡಿದ’ ಎಂದು ಬರೆದಿದ್ದೀಯ. ಒಂದೇ ಪದ ಮತ್ತೆ ಮತ್ತೆ ಬರಬಾರದೆಂಬ ಚಪಲ ಇರಬೇಕು. ಆದರೆ ಆ ಕಳ್ಳ ಬರುವುದು ಒಬ್ಬನೇ. ಮನೆ ಖಾಲಿ. ಅವನು ಯಾರನ್ನೂ ಹೆದರಿಸುವುದಿಲ್ಲ, ಯಾರ ಮೈಯನ್ನೂ ಮುಟ್ಟುವುದಿಲ್ಲ. ದರೋಡೆ ಎಂದ ಕೂಡಲೇ ನಮ್ಮ ಓದುಗನ ಕಣ್ಣೆದುರು ಒಂದು ಗುಂಪು ಬಂದು ನಿಲ್ಲುತ್ತದೆ. ನಮ್ಮ ಕಾನೂನಿನಲ್ಲಿಯೂ ಐದು ಅಥವಾ ಹೆಚ್ಚು ಮಂದಿ ಸೇರಿದರೆ ಮಾತ್ರ ಅದು ದರೋಡೆ. ಆ ಒಬ್ಬಂಟಿಯ ಜೊತೆಗೆ ಇನ್ನೂ ನಾಲ್ವರನ್ನು ನೀನೇ ಗೊತ್ತುಮಾಡಿ ಕಳಿಸಿದ್ದೀಯ.

ನಿಘಂಟಿನಲ್ಲಿ ಅರ್ಥ ನೋಡಿದ್ದೇನೆ ಎನ್ನುತ್ತೀಯ. ಅರ್ಥವೊಂದೇ ಸಾಲದು, ಕ್ರಿಯೆ ಯಾವುದರ ಮೇಲೆ ಬೀಳುತ್ತದೆ ಎಂಬುದನ್ನು ನೋಡು. ಇದು ನನ್ನ ಹಳೆಯ ಹುಚ್ಚು, ಸಹಿಸಿಕೊ. ‘ಸ್ಟೀಲ್’ (ಕದಿ) ಬೀಳುವುದು ವಸ್ತುವಿನ ಮೇಲೆ: ಉಂಗುರ, ಗಡಿಯಾರ, ಹಣ. ‘ರಾಬ್’ (ಸುಲಿಗೆ ಮಾಡು) ಬೀಳುವುದು ಮನುಷ್ಯನ ಮೇಲೆ, ಇಲ್ಲವೇ ಬ್ಯಾಂಕಿನಂಥ ಜಾಗದ ಮೇಲೆ. ಕಟ್ಟುನಿಟ್ಟಾದ ಅರ್ಥದಲ್ಲಿ ಅಲ್ಲಿ ಬಲಪ್ರಯೋಗವೋ ಬೆದರಿಕೆಯೋ ಇರಬೇಕು. ‘ಬರ್ಗಲ್’ ಬೀಳುವುದು ಕಟ್ಟಡದ ಮೇಲೆ. ಉಂಗುರವನ್ನು ಬರ್ಗಲ್ ಮಾಡಿದ ಎಂದು ಇಂಗ್ಲಿಷ್ ಬಲ್ಲವರು ಬರೆಯುವುದಿಲ್ಲ. ಮನೆಯ ಬದಲು ಮನೆಯವರನ್ನೇ ಮುಂದಿಟ್ಟು ಕರ್ಮಣಿಯಲ್ಲಿ ಹೇಳುವುದು ಮಾತ್ರ ಅವರಲ್ಲಿ ತೀರಾ ಸಾಮಾನ್ಯ. ಅಂಥ ಒಂದು ಸಾಲನ್ನು ನೀನು ‘ನಾವು ಕಳ್ಳತನ ಮಾಡಲ್ಪಟ್ಟೆವು’ ಎಂದು ಮಾಡಿಟ್ಟಿದ್ದೀಯ. ಗಟ್ಟಿಯಾಗಿ ಓದಿ ನೋಡು, ತಂಗಿ. ಊರಿನಿಂದ ಬಂದು, ಮುರಿದ ಬೀಗ ಕಂಡ ಹೆಂಗಸು ಪಕ್ಕದ ಮನೆಯವರನ್ನು ಕೂಗಿ ಹೀಗೆ ಹೇಳುತ್ತಾಳೆಯೇ? ‘ನಮ್ಮ ಮನೆಗೆ ಕಳ್ಳರು ನುಗ್ಗಿದ್ದಾರೆ’ ಎನ್ನುತ್ತಾಳೆ. ಪತ್ರಿಕೆಯವರು ‘ಮನೆಗೆ ಕನ್ನ’ ಎಂದು ತಲೆಬರಹ ಕೊಡುತ್ತಾರೆ, ಪೊಲೀಸರು ‘ಮನೆಗಳ್ಳತನ’ ಎಂದು ಬರೆದುಕೊಳ್ಳುತ್ತಾರೆ. ಯಾರ ಬಾಯಿಗೆ ಯಾವುದು ಎಂದು ಆರಿಸುವುದು ನಿನ್ನ ಕೆಲಸ.

ಈ ಪದ ಹುಟ್ಟಿದ್ದೂ ತಿರುಗುಮುರುಗಾಗಿ. ‘ಬರ್ಗ್ಲರ್’, ಅಂದರೆ ಕನ್ನಗಳ್ಳ, 16ನೆಯ ಶತಮಾನದಲ್ಲೇ ಇಂಗ್ಲಿಷ್ ಕಾನೂನಿನ ಮಾತಿನಲ್ಲಿದ್ದ. ಅವನ ಬಾಲ ಕತ್ತರಿಸಿ ‘ಬರ್ಗಲ್’ ಎಂಬ ಕ್ರಿಯಾಪದ ಮಾಡಿಕೊಂಡದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಮೊದಮೊದಲು ಅದಕ್ಕೆ ತಮಾಷೆಯ ಬಣ್ಣವಿತ್ತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದವರು ಅದೇ ಬಾಲವನ್ನು ಉದ್ದಮಾಡಿ ‘ಬರ್ಗ್ಲರೈಸ್’ ಎಂದರು. ನಿನ್ನ ಕಥೆಯ ಅತಿಥಿ ಆ ಉದ್ದನೆಯ ರೂಪ ಬಳಸಿದಾಗ ಲಂಡನ್ನಿನ ಆತಿಥೇಯ ಏಕೆ ಹುಬ್ಬೇರಿಸುತ್ತಾನೆಂದು ಈಗ ತಿಳಿಯಿತೇ? ನೀನು ಹುಬ್ಬನ್ನು ಉಳಿಸಿಕೊಂಡು ಕಾರಣವನ್ನು ಬಿಟ್ಟಿದ್ದೀಯ.

ಅದಕ್ಕಿಂತ ಹೆಚ್ಚು ಕೋಪ ಬಂದದ್ದು ಇನ್‌ಸ್ಪೆಕ್ಟರನ ವಿಷಯಕ್ಕೆ. ‘ಆಗ ಗಂಟೆ ಎಷ್ಟಾಗಿತ್ತು?’ ಎಂದು ಅವನು ಪದೇ ಪದೇ ಕೇಳುವುದನ್ನು ಪುನರುಕ್ತಿ ಎಂದು ಕತ್ತರಿಸಿದ್ದೀಯ. ಕಥೆ ನಡೆಯುವುದು 1930ರ ದಶಕದ ಲಂಡನ್ನಿನಲ್ಲಿ. ಅಲ್ಲಿ ಆಗಿದ್ದ 1916ರ ಕಳವಿನ ಕಾಯ್ದೆಯಲ್ಲಿ ರಾತ್ರಿ ಎಂದರೆ 9ರಿಂದ ಬೆಳಗಿನ 6ರವರೆಗೆ. ಆ ಹೊತ್ತಿನಲ್ಲಿ ವಾಸದ ಮನೆಯನ್ನು ಮುರಿದು ಒಳಹೊಕ್ಕರೆ ಬರ್ಗ್ಲರಿ, ಜೀವಾವಧಿಯವರೆಗೂ ಶಿಕ್ಷೆ ಆಗಬಹುದು. ಎಂಟೂವರೆಗೆ ಹೊಕ್ಕರೆ ಅದು ಬೇರೆಯೇ ಅಪರಾಧ, ಶಿಕ್ಷೆಯೂ ಹಗುರ. ಮುರಿಯುವುದು ಎಂದರೆ ಬಾಗಿಲು ಒಡೆಯಲೇಬೇಕೆಂದಿರಲಿಲ್ಲ. ಚಿಲಕ ಎತ್ತಿದರೂ ಮುರಿದಂತೆಯೇ, ತೆರೆದೇ ಇದ್ದ ಬಾಗಿಲಿನಿಂದ ನಡೆದುಹೋದರೆ ಅಲ್ಲ. 1968ರ ಕಾಯ್ದೆ ಈ ರಾತ್ರಿಯನ್ನೂ ಮುರಿಯುವುದನ್ನೂ ಕೈಬಿಟ್ಟಿತು; ಕದಿಯುವ ಉದ್ದೇಶದಿಂದ ಅತಿಕ್ರಮವಾಗಿ ಒಳಬಂದರೆ ಸಾಕು ಎಂದಿತು. ಜನ ವಾಸಿಸುವ ದೋಣಿಯೂ ಅದರ ಲೆಕ್ಕಕ್ಕೆ ಸೇರಿತು. ನಿನ್ನ ಇನ್‌ಸ್ಪೆಕ್ಟರ್‌ ಅದಕ್ಕೆ ಎಷ್ಟೋ ವರ್ಷ ಹಿಂದಿನವನು. ಅವನ ಪಾಲಿಗೆ ಇಡೀ ಮೊಕದ್ದಮೆ ಆ ಗಡಿಯಾರದ ಮುಳ್ಳಿನ ಮೇಲೆ ನಿಂತಿದೆ.

ಇಷ್ಟು ಸಿಟ್ಟು ಏಕೆಂದರೆ, ಹಿಂದೆ ಒಬ್ಬ ಸಂಪಾದಕರು ನನ್ನ ಕಥೆಯೊಂದರಲ್ಲಿ ‘ಕನ್ನ ಹಾಕಿದ’ ಎಂದಿದ್ದನ್ನು, ಓದುಗರಿಗೆ ಸುಲಭವಾಗಲೆಂದು, ಉದ್ದಕ್ಕೂ ‘ಕಳವು ಮಾಡಿದ’ ಎಂದು ತಿದ್ದಿದರು. ಆ ಕಥೆಯ ಕಳ್ಳ ಒಳಗೆ ಹೋಗಿ ಬರಿಗೈಯಲ್ಲಿ ವಾಪಸಾಗುತ್ತಾನೆ. ಕಥೆಯ ಜೀವವೇ ಅದು. ಏನು ಕಳವಾಯಿತು ಎಂದು ಕೇಳಿ ಓದುಗರು ಪತ್ರ ಬರೆದರು. ಸಂಪಾದಕರು ಈಗಿಲ್ಲ, ಆದರೂ ನನ್ನ ಸಿಟ್ಟು ಇಳಿದಿಲ್ಲ.

ಕನ್ನ ಎಂದರೆ ಗೋಡೆಗೆ ಕೊರೆದ ಕಿಂಡಿ. ಈಗ ಬ್ಯಾಂಕ್ ಖಾತೆಗೂ ಬೊಕ್ಕಸಕ್ಕೂ ಕನ್ನ ಬೀಳುತ್ತದೆ, ಹಾಗಾಗಿ ಕಿಟಕಿಯಿಂದ ಇಳಿದ ನಿನ್ನ ಕಳ್ಳನಿಗೂ ಆ ಮಾತು ಒಪ್ಪುತ್ತದೆ. ಧೈರ್ಯವಾಗಿ ಬಳಸು, ಬೇಕಿದ್ದರೆ ಒಂದೇ ಪುಟದಲ್ಲಿ ಎರಡು ಸಲ ಬರಲಿ.

ಸದ್ಯಕ್ಕೆ ಮೂರನೆಯ ಕಥೆಯೊಂದನ್ನೇ ತಿದ್ದಿ ಕಳಿಸು. ನಾಯಿ ಬೊಗಳದೆ ಬಾಲ ಅಲ್ಲಾಡಿಸುವ ಆ ಪ್ಯಾರಾ ಮಾತ್ರ ಮುಟ್ಟಬೇಡ, ಅದು ಚೆನ್ನಾಗಿದೆ. ಪ್ರಕಾಶಕರ ಸುದ್ದಿ ಆಮೇಲೆ ಮಾತನಾಡೋಣ.

ಇಂತಿ,
ನಿನ್ನ ಹಿತೈಷಿ