ಮೈಕ್ ಮಾರ್ಟಿನ್ ಸಾಧನೆಗೆ ಪ್ರಶಸ್ತಿಯೊಂದೇ ಅಳತೆಯಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಬೇಸ್‌ಬಾಲ್‌ ಪ್ರಸ್ತಾಪವಾದಾಗಲೆಲ್ಲ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರರಾಗಿದ್ದ ಮೈಕ್ ಮಾರ್ಟಿನ್ ಅವರ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಅವರ ತಂಡ ಗಳಿಸಿದ 2,029 ಗೆಲುವುಗಳು ಕಾಲೇಜು ಕ್ರೀಡೆಯ ಅತ್ಯುನ್ನತ ಹಂತವಾದ ಡಿವಿಷನ್ 1ರಲ್ಲಿ ದಾಖಲೆ. ಆದರೆ ರಾಷ್ಟ್ರೀಯ ಚಾಂಪಿಯನ್ ಪ್ರಶಸ್ತಿ ಅವರಿಗೆ ಕೊನೆಗೂ ಒಲಿಯಲಿಲ್ಲ. ಎರಡೂ ನಿಜ. ಎರಡನೆಯದನ್ನೇ ಅವರ ವೃತ್ತಿಜೀವನದ ತೀರ್ಪೆಂಬಂತೆ ಬರೆಯುವುದು ಮಾತ್ರ ನ್ಯಾಯವಲ್ಲ.

ತಾವು ಓದಿ, ಆಡಿ ಬೆಳೆದ ಟ್ಯಾಲಹಾಸಿಯ ಅದೇ ವಿಶ್ವವಿದ್ಯಾಲಯಕ್ಕೆ 1975ರಲ್ಲಿ ಸಹಾಯಕ ತರಬೇತುದಾರರಾಗಿ ಮರಳಿದ ಮಾರ್ಟಿನ್, 1980ರಿಂದ 2019ರವರೆಗೆ ಮುಖ್ಯ ತರಬೇತುದಾರರಾಗಿದ್ದರು. ಆ 40 ಋತುಗಳಲ್ಲಿ ಒಂದರಲ್ಲೂ ಅವರ ತಂಡದ ಗೆಲುವುಗಳು 40ಕ್ಕಿಂತ ಕೆಳಗಿಳಿಯಲಿಲ್ಲ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ನಡೆಸುವ ಟೂರ್ನಿಗೆ ಅರ್ಹತೆ ತಪ್ಪಲಿಲ್ಲ. ಮೂರನೆಯ ವರ್ಷ ಮುಗಿಯುತ್ತಿದ್ದಂತೆ ಪ್ರತಿಭಾವಂತರನ್ನು ವೃತ್ತಿಪರ ತಂಡಗಳು ಕರೆದೊಯ್ಯುವ, ಉಳಿದವರು ಪದವಿ ಪಡೆದು ಹೊರಡುವ ವ್ಯವಸ್ಥೆಯಲ್ಲಿ, ಪ್ರತಿವರ್ಷ ಹೊಸಬರನ್ನು ಕಟ್ಟಿಕೊಂಡು ಇಷ್ಟು ಕಾಲ ಒಂದೇ ಮಟ್ಟ ಕಾಯ್ದುಕೊಳ್ಳುವುದು ಎಷ್ಟು ಕಠಿಣವೆಂಬುದನ್ನು ಕ್ರೀಡೆ ಬಲ್ಲವರಿಗೆ ವಿವರಿಸಬೇಕಿಲ್ಲ.

ಮಾರ್ಟಿನ್ ಅವರ ತಂಡದಲ್ಲಿ ಆಡಿದ ಬಸ್ಟರ್ ಪೋಸಿ ಅವರ ಉದಾಹರಣೆಯನ್ನೇ ನೋಡಿ. ಮೊದಲ ವರ್ಷ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಆಡಿದ ಈ ಯುವಕನನ್ನು 2007ರಲ್ಲಿ ಬ್ಯಾಟರ್ ಹಿಂದೆ ಕೂತು ಎಸೆತ ಹಿಡಿಯುವ ಕ್ಯಾಚರ್ ಆಗಿ ಬದಲಾಯಿಸಲಾಯಿತು. ನೆಲೆನಿಂತ ಆಟಗಾರನೊಬ್ಬನ ಜಾಗವನ್ನು, ಅದರಲ್ಲೂ ಪ್ರತಿ ಎಸೆತಕ್ಕೂ ಹೊಣೆ ಹೊರಬೇಕಾದ ಜಾಗಕ್ಕೆ, ಬದಲಿಸಲು ಧೈರ್ಯ ಬೇಕು. ಮರುವರ್ಷ ಸವಾನಾ ಸ್ಟೇಟ್ ವಿರುದ್ಧದ ಒಂದೇ ಪಂದ್ಯದಲ್ಲಿ ಪೋಸಿ ಒಂಬತ್ತೂ ಸ್ಥಾನಗಳಲ್ಲಿ ಆಡಿದ್ದಲ್ಲದೆ ಒಂದೇ ಹೊಡೆತಕ್ಕೆ ನಾಲ್ಕು ರನ್ ತರುವ ಗ್ರ್ಯಾಂಡ್ ಸ್ಲ್ಯಾಮ್ ಕೂಡ ಬಾರಿಸಿದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ 2010, 2012 ಮತ್ತು 2014ರಲ್ಲಿ ವೃತ್ತಿಪರ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಾಗ ಅದರ ಕ್ಯಾಚರ್ ಅವರೇ. ಈ ಫಲ ಮಾರ್ಟಿನ್ ಅವರ ಗೆಲುವಿನ ಪಟ್ಟಿಯಲ್ಲಿ ಕಾಣುವುದಿಲ್ಲ.

ರಾಷ್ಟ್ರೀಯ ಟೂರ್ನಿಯ ಅಂತಿಮ ಹಂತವಾಗಿ ಒಮಾಹಾ ನಗರದಲ್ಲಿ ನಡೆಯುವ ಕಾಲೇಜ್ ವರ್ಲ್ಡ್ ಸೀರೀಸ್‌ಗೆ ಅವರು ತಂಡವನ್ನು 17 ಬಾರಿ ಕರೆದೊಯ್ದರು. 1986 ಮತ್ತು 1999ರಲ್ಲಿ ಫೈನಲ್‌ನಲ್ಲಿ ಸೋತರು. ಆ ನೋವು ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ 75ರ ಹರೆಯದಲ್ಲಿ, ತಮ್ಮ ಕೊನೆಯ ಋತುವಿನಲ್ಲಿ, ಜಾರ್ಜಿಯಾ ಮತ್ತು ಲೂಸಿಯಾನ ಸ್ಟೇಟ್ ತಂಡಗಳನ್ನು ಅವುಗಳ ಅಂಗಳದಲ್ಲೇ ಮಣಿಸಿ ಮತ್ತೆ ಒಮಾಹಾ ತಲುಪಿದವರನ್ನು ಸೋತವರೆಂದು ಹೇಗೆ ಕರೆಯೋಣ?

2024ರ ಫೆಬ್ರುವರಿಯಲ್ಲಿ ಅವರು ನಿಧನರಾದರು. ಇಂತಹ ತರಬೇತುದಾರರ ಬಗ್ಗೆ ಬರೆಯುವಾಗ, ಅವರ ಕೈಯಲ್ಲಿ ಪಳಗಿದ ಆಟಗಾರರು ಮುಂದೆ ಏನಾದರೆಂಬುದಕ್ಕೂ ತಮ್ಮ ಕ್ರೀಡಾಪುಟದಲ್ಲಿ ನಾಲ್ಕು ಸಾಲು ಮೀಸಲಿಡಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ