ನಾಲ್ಕು ಬೋಟು ದಾಟಿ ಶೌಚಾಲಯಕ್ಕೆ: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಆಳಸಮುದ್ರದಲ್ಲಿ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟಿನ ತಂಡೇಲ, ಅಂದರೆ ಬೋಟು ನಡೆಸುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬೋಟು ನಿಲ್ಲಿಸುವ ನನ್ನ ಧಕ್ಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲಿನ ಯಾರೋ ಬಡಪಾಯಿ ಸಿಬ್ಬಂದಿಗೆ ಒಂದು ನೋಟಿಸು ಹೋಗಿ ವಿಷಯ ಅಲ್ಲಿಗೇ ಮುಗಿಯುತ್ತದೆ.

ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ಎರಡು ಇಂಚಿನ ಸುದ್ದಿಯೊಂದು ಆಗಾಗ ಬರುತ್ತದೆ: ಬೋಟಿನಿಂದ ಕಾಲು ಜಾರಿ ಬಿದ್ದು ಕಾರ್ಮಿಕ ಸಾವು. ಠಾಣೆಯಲ್ಲಿ ಆಕಸ್ಮಿಕ ಎಂದು ಬರೆದುಕೊಳ್ಳುತ್ತಾರೆ. ನಡುರಾತ್ರಿ ಅವನು ಎದ್ದದ್ದಾದರೂ ಯಾಕೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಧಕ್ಕೆಯಲ್ಲಿ ನಾನು ಕಂಡಂತೆ ಅವನು ಎದ್ದಿರುವುದು ಶೌಚಕ್ಕೆ.

ನಿಮ್ಮ ಲೆಕ್ಕದಲ್ಲಿ ಬೋಟು ಎಂದರೆ ನೋಂದಣಿ ಸಂಖ್ಯೆ, ಎಂಜಿನ್ನಿನ ಅಶ್ವಶಕ್ತಿ, ಕರರಹಿತ ಡೀಸೆಲ್. ನಮಗೆ ಅದು ಮನೆ. ಜೂನ್, ಜುಲೈ ತಿಂಗಳ 61 ದಿನಗಳ ಮೀನುಗಾರಿಕೆ ನಿಷೇಧ ಬಿಟ್ಟರೆ ಉಳಿದ ಹತ್ತು ತಿಂಗಳು ಬೋಟಿನ ಕೆಲಸಗಾರರಾದ ಖಲಾಸಿಗಳು ಉಣ್ಣುವುದು, ಮಲಗುವುದು, ಜ್ವರ ಬಂದರೆ ನರಳುವುದು ಎಲ್ಲವೂ ಅದರಲ್ಲೇ. ಹತ್ತು ಹನ್ನೆರಡು ದಿನ ಕಡಲಲ್ಲಿದ್ದು ಬಂದ ಮೇಲೆ ನನ್ನಂಥ ಊರಿನವರು ಮನೆಗೆ ಹೋಗುತ್ತೇವೆ. ಒಡಿಶಾ, ಆಂಧ್ರ, ಜಾರ್ಖಂಡ್, ಕೊಪ್ಪಳದ ಹುಡುಗರು ಎಲ್ಲಿಗೆ ಹೋಗಬೇಕು? ಬಾಡಿಗೆ ಕೋಣೆ ಹಿಡಿದರೆ ಊರಿಗೆ ಕಳಿಸಲು ದುಡ್ಡು ಉಳಿಯುವುದಿಲ್ಲ. ಡೀಸೆಲ್, ಬಲೆ ಕಾಯಲು ಜನ ಬೇಕು ಎಂದು ಮಾಲೀಕರೂ ಅಲ್ಲೇ ಇರಿ ಎನ್ನುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ ಎಂಜಿನ್ನಿನ ಕಾವು ಆರದ ಆ ಗೂಡಿನಲ್ಲಿ ಅರ್ಧ ಗಂಟೆ ಮಲಗಿ ನೋಡಬೇಕು. ಎಲ್ಲರೂ ಚಾಪೆ ಹಿಡಿದು ಮೇಲೆ ಬಂದು ಬಲೆಯ ರಾಶಿಯ ಮೇಲೆ ಮಲಗುತ್ತಾರೆ.

ಈಗ ರಾತ್ರಿಯ ವಿಷಯ. ಧಕ್ಕೆಯಲ್ಲಿ ಜಾಗವಿಲ್ಲ. ಬೋಟಿಗೆ ಬೋಟು ಕಟ್ಟಿ ಐದು ಸಾಲು ನಿಂತಿರುತ್ತವೆ. ನಮ್ಮದು ಐದನೆಯದು. ದಡಕ್ಕೆ ಹೋಗಬೇಕಾದರೆ ನಾಲ್ಕು ಬೋಟುಗಳ ಅಂಚು ಹತ್ತಿ ಇಳಿಯಬೇಕು. ಎರಡು ಬೋಟುಗಳ ನಡುವಿನ ಸಂದು ಒಂದು ಕ್ಷಣ ಗೇಣಗಲ, ಮರುಕ್ಷಣ ಮೊಳದಗಲ. ನೀರು ಇಳಿದಿದ್ದರೆ ಕೊನೆಯ ಬೋಟು ಧಕ್ಕೆಯ ಅಂಚಿಗಿಂತ ಎದೆಯಷ್ಟು ಕೆಳಗಿರುತ್ತದೆ, ಪಾಚಿ ಹಿಡಿದ ಟಯರಿಗೆ ಕಾಲು ಕೊಟ್ಟು ಹತ್ತಬೇಕು. ಹಾಗೆ ಹತ್ತಿ ಹೋದರೆ ಹರಾಜು ಕಟ್ಟೆಯ ಪಕ್ಕದ ಶೌಚಾಲಯಕ್ಕೆ ಬೀಗ. ಹರಾಜು ಮುಗಿದ ಮೇಲೆ ಅದರ ಕೆಲಸವೂ ಮುಗಿಯಿತಂತೆ. ಹಾಗಾಗಿ ಯಾರೂ ಅಷ್ಟು ದೂರ ಹೋಗುವುದಿಲ್ಲ, ಬೋಟಿನ ಹಿಂಬದಿಯಲ್ಲಿ ಹಗ್ಗ ಹಿಡಿದು ಕೂರುತ್ತಾರೆ.

ಕಳೆದ ಮಾರ್ಚಿನಲ್ಲಿ ನಮ್ಮ ಬೋಟಿನ ಕೊಪ್ಪಳದ ಹುಡುಗ ಹಾಗೆ ಕೂತಿದ್ದಾಗಲೇ ಬಿದ್ದ. ಈಜು ಬಾರದು. ಪಕ್ಕದ ಬೋಟಿನವನೊಬ್ಬ ಬೀಡಿ ಸೇದುತ್ತ ಎಚ್ಚರವಿದ್ದ, ಸದ್ದು ಕೇಳಿತು, ಎಳೆದರು. ಎರಡು ಪಕ್ಕೆಲುಬು ಮುರಿದಿತ್ತು. ನಾನು ಆಗ ಮನೆಯಲ್ಲಿ ನಿದ್ದೆ ಮಾಡುತ್ತಿದ್ದೆ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಕಾಣೆಯಾದಾಗ ಇಡೀ ಕರಾವಳಿ ಹೆದ್ದಾರಿಗೆ ಇಳಿದಿತ್ತು. ನೌಕಾಪಡೆಯೇ ಹುಡುಕಿತು. ಅದು ಸರಿ, ಹಾಗೆಯೇ ಆಗಬೇಕಿತ್ತು. ಆದರೆ ದಡದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಎಣ್ಣೆ ತೇಲುವ ನೀರಿನಲ್ಲಿ ಒಬ್ಬೊಬ್ಬನೇ ಮುಳುಗಿದರೆ ಯಾವ ಹೆದ್ದಾರಿಯೂ ನಿಲ್ಲುವುದಿಲ್ಲ. 2008ರಲ್ಲಿ ಮುಂಬೈಗೆ ಉಗ್ರರು ಮೀನುಗಾರಿಕೆ ಬೋಟನ್ನು ವಶಪಡಿಸಿಕೊಂಡು ಬಂದ ಮೇಲೆ ನಮಗೆಲ್ಲ ಬೆರಳಚ್ಚಿನ ಗುರುತಿನ ಚೀಟಿ ಬಂತು. ಕಡಲಿಗೆ ಯಾರು ಹೋದರು ಎನ್ನುವುದು ಸರ್ಕಾರಕ್ಕೆ ಬೇಕು. ಧಕ್ಕೆಯಲ್ಲಿ ಇಂದು ರಾತ್ರಿ ಎಷ್ಟು ಜನ ಮಲಗಿದ್ದಾರೆ ಎನ್ನುವ ಲೆಕ್ಕವನ್ನು ನಮ್ಮಲ್ಲಂತೂ ಯಾರೂ ಕೇಳಿದ್ದಿಲ್ಲ.

ನಮ್ಮ ತಪ್ಪೂ ಇದೆ. ಕೋಟಿ ರೂಪಾಯಿಯ ಹತ್ತಿರ ಖರ್ಚು ಮಾಡಿ ಬೋಟು ಕಟ್ಟಿಸುತ್ತೇವೆ, ಮೀನಿನ ಗುಂಪು ತೋರಿಸುವ ಯಂತ್ರ ಕೂರಿಸುತ್ತೇವೆ, ನಾಲ್ಕು ಹಲಗೆಯ ಒಂದು ಕಕ್ಕಸು ಕಟ್ಟಲು ಮಾತ್ರ ಜಾಗ ಸಾಲುವುದಿಲ್ಲ. ಮಾಲೀಕರ ಸಭೆಯಲ್ಲಿ ಇದನ್ನು ಹೇಳಿ ನಗೆಪಾಟಲಾಗಿದ್ದೇನೆ. ಡೀಸೆಲ್ ಸಹಾಯಧನಕ್ಕೂ ಬೋಟಿನ ಶೌಚಾಲಯಕ್ಕೂ ನೀವು ಗಂಟು ಹಾಕಿದರೆ ಆ ನಗು ಒಂದೇ ವಾರದಲ್ಲಿ ನಿಲ್ಲುತ್ತದೆ.

ಧಕ್ಕೆಯಲ್ಲಿ ಬೇಕಾದದ್ದು ದೊಡ್ಡ ಯೋಜನೆಯಲ್ಲ. ಹೂಳೆತ್ತುವ ಕೋಟಿಗಳ ಮಾತು ಬೇರೆ, ಅದಕ್ಕೆ ಬೇರೆಯೇ ಪತ್ರ ಬರೆಯಬೇಕು. ನೀರಿನಂಚಿನಲ್ಲೇ, ರಾತ್ರಿಯಿಡೀ ತೆರೆದಿರುವ ಶೌಚಾಲಯ ಮತ್ತು ಸ್ನಾನಕ್ಕೆ ಸಿಹಿನೀರಿನ ನಲ್ಲಿ. ಧಕ್ಕೆಯ ಗೋಡೆಗೆ ಅಲ್ಲಲ್ಲಿ ಕಬ್ಬಿಣದ ಏಣಿ, ಬಿದ್ದವನು ತಾನೇ ಹತ್ತಿ ಬರಲಿ. ದೀಪ, ಬಿದ್ದವನಿಗೆ ಎಸೆಯಲು ಹಗ್ಗ ಕಟ್ಟಿದ ತೇಲುವ ಬಳೆ.

ನೂಲ ಹುಣ್ಣಿಮೆಯ ಸಮುದ್ರ ಪೂಜೆಗೆ ನಿಮ್ಮನ್ನು ಕರೆಯುವವರು ಬಹಳ ಮಂದಿ. ನಾನು ಬೇರೆ ಹೊತ್ತಿಗೆ ಕರೆಯುತ್ತಿದ್ದೇನೆ. ಒಂದು ರಾತ್ರಿ, ಎರಡು ಗಂಟೆಗೆ, ನೀರು ಇಳಿದಿರುವಾಗ ಬನ್ನಿ. ಟಾರ್ಚು ನಾನು ತರುತ್ತೇನೆ. ಚಪ್ಪಲಿ ಕಾರಿನಲ್ಲೇ ಬಿಡಿ, ಟಯರಿನ ಮೇಲೆ ಜಾರುತ್ತದೆ.

ಇಂತಿ,
ಒಬ್ಬ ತಂಡೇಲ