ಗಗನಸಖಿಯರ ನಿವೃತ್ತಿಯ ವಯಸ್ಸು: ನಾಗರಿಕ ವಿಮಾನಯಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರೇ,

ಸಾದರ ವಂದನೆಗಳು.

ಇಪ್ಪತ್ತೆರಡು ವರ್ಷ ಎರಡು ಖಾಸಗಿ ವಿಮಾನ ಸಂಸ್ಥೆಗಳಲ್ಲಿ ಗಗನಸಖಿಯಾಗಿ ದುಡಿದು, ನಲವತ್ತಾರನೆಯ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವಳು ನಾನು. ನನ್ನ ಸಂಸ್ಥೆಯ ಆಡಳಿತಕ್ಕೆ ಮೂರು ಬಾರಿ ಬರೆದೆ, ಉತ್ತರ ಬರಲಿಲ್ಲ. ವಕೀಲರನ್ನು ಕಂಡೆ, ಅವರು ಕಡತವನ್ನು ಓದಿ ಹಿಂದಿರುಗಿಸಿದರು. ಇನ್ನು ಯಾರ ಬಾಗಿಲು ತಟ್ಟಬೇಕೆಂದು ತೋಚದೆ, ನಾಲ್ಕು ಜನ ಓದುವಂತೆ ತಮಗೆ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ವಿಮಾನದೊಳಗೆ ಕೆಲಸ ಮಾಡುವವರು ಗಂಡಾಗಲಿ ಹೆಣ್ಣಾಗಲಿ, ವೈದ್ಯಕೀಯ ತಪಾಸಣೆಯಲ್ಲೂ ವಾರ್ಷಿಕ ಸುರಕ್ಷತಾ ಪರೀಕ್ಷೆಯಲ್ಲೂ ತೇರ್ಗಡೆಯಾಗುವವರೆಗೆ, ಎಲ್ಲರಿಗೂ ಸಮಾನವಾದ ನಿವೃತ್ತಿಯ ವಯಸ್ಸಿನ ತನಕ ಹಾರಬಹುದೆಂದೂ, ಅದಕ್ಕೂ ಮೊದಲು ಅವರನ್ನು ಇಳಿಸುವುದಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂದೂ ಒಂದು ನಿಯಮ ಮಾಡಿ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕಳೆದ ವರ್ಷದ ಸುರಕ್ಷತಾ ತರಬೇತಿಯಲ್ಲಿ ನಮ್ಮ ತಂಡದಲ್ಲಿ ಹದಿನಾರು ಮಂದಿ ಇದ್ದೆವು. ನನ್ನನ್ನು ಬಿಟ್ಟರೆ ಎಲ್ಲರೂ ಮೂವತ್ತರೊಳಗಿನವರು. ಏರ್‌ಬಸ್ ಎ320 ವಿಮಾನದ ರೆಕ್ಕೆಯ ಮೇಲಿನ ತುರ್ತು ಬಾಗಿಲು ಸುಮಾರು 15 ಕಿಲೋ ತೂಗುತ್ತದೆ. ಹಿಡಿಕೆ ಎಳೆದೊಡನೆ ಅದು ಒಳಕ್ಕೆ, ನಮ್ಮ ಮೈಮೇಲೆಯೇ ವಾಲುತ್ತದೆ. ಅದನ್ನು ಎತ್ತಿ ತಿರುಗಿಸಿ ಹೊರಗೆಸೆಯಬೇಕು. ತೋಳಿನ ಬಲವನ್ನಷ್ಟೇ ನಂಬಿದವರು ಬಾಗಿಲನ್ನು ಎದೆಗವಚಿಕೊಂಡು ಸೀಟುಗಳ ನಡುವೆ ಸಿಕ್ಕಿಬೀಳುತ್ತಾರೆ. ಮೊಣಕಾಲನ್ನು ಸೀಟಿನ ಮೇಲೆ ಊರಿ ಸೊಂಟವನ್ನು ತಿರುಗಿಸಿದರೆ ಅರ್ಧ ಭಾರ ಇಳಿದಂತಾಗುತ್ತದೆ. ನನ್ನ ಹಿಂದೆ ನಿಂತಿದ್ದ ಹುಡುಗಿಗೆ ಎರಡು ಸಲ ಪ್ರಯತ್ನಿಸಿದರೂ ಆಗಲಿಲ್ಲ, ಕಣ್ಣಲ್ಲಿ ನೀರು ಬಂದಿತ್ತು. ಮೊಣಕಾಲಿನ ಗುಟ್ಟನ್ನು ಅವಳ ಕಿವಿಯಲ್ಲಿ ಹೇಳಿದೆ. ಮೂರನೆಯ ಸಲಕ್ಕೆ ಬಾಗಿಲು ಹೊರಗೆ ಬಿತ್ತು. ಆ ದಿನ ನಾನು ಮೊದಲ ಯತ್ನದಲ್ಲೇ ತೇರ್ಗಡೆಯಾದೆ. ಅದಕ್ಕೂ ತಿಂಗಳ ಹಿಂದೆ ವೈದ್ಯಕೀಯ ತಪಾಸಣೆ ಮುಗಿದು 'ಫಿಟ್' ಎಂಬ ಪ್ರಮಾಣಪತ್ರ ಕೈಗೆ ಬಂದಿತ್ತು.

ಹತ್ತೊಂಬತ್ತು ದಿನಗಳ ನಂತರ ಮಾನವ ಸಂಪನ್ಮೂಲ ವಿಭಾಗದಿಂದ ಕರೆ ಬಂತು. ಮೂರು ವರ್ಷಕ್ಕೊಮ್ಮೆ ನವೀಕರಣವಾಗುವ ನನ್ನ ಒಪ್ಪಂದದ ಮಾತುಕತೆ ಎಂದುಕೊಂಡು ಹೋದೆ. ನನ್ನ ಅರ್ಧ ವಯಸ್ಸಿನ ಇಬ್ಬರು ಕುಳಿತಿದ್ದರು. ಮೇಜಿನ ಮೇಲೆ ಎರಡು ಫೋಟೊಗಳು: ಆ ಸಂಸ್ಥೆಗೆ ಸೇರಿದ ದಿನ ಗುರುತಿನ ಚೀಟಿಗಾಗಿ ತೆಗೆದದ್ದು ಒಂದು, ಹದಿನೈದು ವರ್ಷಗಳ ನಂತರ ಅದೇ ಚೀಟಿಯ ನವೀಕರಣಕ್ಕೆ ತೆಗೆದದ್ದು ಇನ್ನೊಂದು. ಅವರಲ್ಲೊಬ್ಬ ಎರಡನ್ನೂ ನನ್ನ ಕಡೆಗೆ ತಿರುಗಿಸಿ, ಪಕ್ಕಪಕ್ಕದಲ್ಲಿಟ್ಟು, "ಮೇಡಂ, ಪ್ರಯಾಣಿಕರು ಇವರಿಬ್ಬರಲ್ಲಿ ಯಾರನ್ನು ನೋಡಲು ಇಷ್ಟಪಡುತ್ತಾರೆ, ನೀವೇ ಹೇಳಿ" ಎಂದ. ನಾನು ಉತ್ತರಿಸಲಿಲ್ಲ. ಗ್ಯಾಲಿಯ, ಅಂದರೆ ವಿಮಾನದ ಅಡುಗೆಮೂಲೆಯ, ಒವನ್ ತಗುಲಿ ಸುಟ್ಟ ಕಲೆ ನನ್ನ ಬಲಗೈ ಮಣಿಕಟ್ಟಿನ ಮೇಲಿದೆ. ಆ ಫೋಟೊಗಳನ್ನು ನೋಡಲಾರದೆ ಅದನ್ನೇ ನೋಡುತ್ತ ಕುಳಿತೆ. ಒಪ್ಪಂದ ನವೀಕರಣವಾಗುವುದಿಲ್ಲ ಎಂಬ ಪತ್ರಕ್ಕೆ ಸಹಿ ಮಾಡಿ ಎದ್ದು ಬಂದೆ. ಪತ್ರದಲ್ಲಿ ವಯಸ್ಸಿನ ಮಾತಿಲ್ಲ, ಮುಖದ ಮಾತೂ ಇಲ್ಲ. 'ಅವಧಿ ಮುಗಿದ ಕಾರಣ' ಎಂದಷ್ಟೇ ಇದೆ.

ಬಾಗಿಲು ಎತ್ತಲು ನನಗೆ ಆಗದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನನ್ನ ಕಿವಿ ಮಂದವಾಗಿದ್ದರೆ, ಮೆಟ್ಟಿಲೇರುವಾಗ ಏದುಸಿರು ಬರುತ್ತಿದ್ದರೆ, ಹೊಗೆ ತುಂಬಿದ ತರಬೇತಿ ಕೋಣೆಯಲ್ಲಿ ನಾನು ದಿಕ್ಕು ತಪ್ಪಿದ್ದರೆ, ನನ್ನನ್ನು ಇಳಿಸುವುದು ಸಂಸ್ಥೆಯ ಕರ್ತವ್ಯ. ಅದಕ್ಕೆ ನಾನೇ ತಲೆಬಾಗುತ್ತಿದ್ದೆ. ಈ ಕೆಲಸ ದೇಹವನ್ನು ಸವೆಸುತ್ತದೆ. ಊದಿಕೊಂಡ ಕಾಲು, ಬೆನ್ನುನೋವು, ಒಂದು ದಿನ ನಸುಕಿನ ಮೂರಕ್ಕೆ ಏಳಿಸಿ ಮರುದಿನ ರಾತ್ರಿ ಹನ್ನೊಂದಕ್ಕೆ ಮಲಗಿಸುವ ಕೆಟ್ಟ ರೋಸ್ಟರ್, ಅಂದರೆ ಪಾಳಿಪಟ್ಟಿ, ನನಗೂ ಗೊತ್ತು. ಐವತ್ತರ ಹೊತ್ತಿಗೆ ತಾವಾಗಿ ನೆಲದ ಕೆಲಸ ಕೇಳಿಕೊಂಡ ಗೆಳತಿಯರಿದ್ದಾರೆ. ಅದು ಅವರ ಆಯ್ಕೆ. ನನ್ನ ಪಾಲಿಗೆ ಆಯ್ಕೆಯನ್ನು ಮಾಡಿದ್ದು ಎರಡು ಫೋಟೊಗಳು.

ಈ ನೆಲದಲ್ಲಿ ಈ ಅನ್ಯಾಯ ಹೊಸದಲ್ಲವೆಂಬುದು ತಮಗೆ ನನಗಿಂತ ಚೆನ್ನಾಗಿ ತಿಳಿದಿದೆ. ಏರ್ ಇಂಡಿಯಾದ ಗಗನಸಖಿಯರು ಒಂದು ಕಾಲದಲ್ಲಿ ಮೂವತ್ತೈದಕ್ಕೆ ನಿವೃತ್ತರಾಗಬೇಕಿತ್ತು, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಆಗಲೇ ಹೋಗಬೇಕಿತ್ತು, ಮೊದಲ ಸಲ ಬಸುರಾದರೂ ಹೋಗಬೇಕಿತ್ತು. ಅದೇ ವಿಮಾನದಲ್ಲಿ ಅದೇ ತಟ್ಟೆ ಹಿಡಿದು ಓಡಾಡುತ್ತಿದ್ದ ಗಂಡಸು ಐವತ್ತೆಂಟರವರೆಗೆ ಇರಬಹುದಾಗಿತ್ತು. ಅಲ್ಲಿನ ಗಗನಸಖಿ ನರ್ಗೇಶ್ ಮೀರ್ಜಾ ಮತ್ತು ಅವರ ಸಂಗಾತಿಗಳು ಹೋರಾಡಿದ್ದರಿಂದ 1981ರಲ್ಲಿ ಸುಪ್ರೀಂ ಕೋರ್ಟು ಬಸಿರಿನ ಷರತ್ತನ್ನು ಕಿತ್ತುಹಾಕಿತು; ಮೂವತ್ತೈದರ ನಂತರ ಯಾರನ್ನು ಉಳಿಸಿಕೊಳ್ಳಬೇಕೆಂಬುದನ್ನು ವ್ಯವಸ್ಥಾಪಕ ನಿರ್ದೇಶಕರ ಇಚ್ಛೆಗೆ ಬಿಟ್ಟಿದ್ದ ಅಧಿಕಾರವನ್ನೂ ತೆಗೆಯಿತು. ಆದರೆ ನಾಲ್ಕು ವರ್ಷದ ಮದುವೆಯ ಷರತ್ತನ್ನು ಹಾಗೆಯೇ ಉಳಿಸಿತು, ಗಂಡಿಗೊಂದು ಹೆಣ್ಣಿಗೊಂದು ವಯಸ್ಸಿನ ಲೆಕ್ಕವನ್ನೂ ಒಪ್ಪಿಕೊಂಡಿತು. 2003ರಲ್ಲಿ ಮತ್ತೆ ಅದೇ ನ್ಯಾಯಾಲಯ, ಗಗನಸಖಿಯರು ಐವತ್ತಕ್ಕೆ ಹಾರಾಟ ನಿಲ್ಲಿಸಿ ಮುಂದೆ ನೆಲದ ಕೆಲಸಕ್ಕೆ ಹೋಗಬೇಕೆಂಬ ವ್ಯವಸ್ಥೆಯಲ್ಲಿ ತಪ್ಪಿಲ್ಲವೆಂದಿತು.

ಇಲ್ಲಿ ತಾವು ಒಂದು ಕ್ಷಣ ನಿಲ್ಲಬೇಕೆಂದು ಬೇಡಿಕೊಳ್ಳುತ್ತೇನೆ. ತೀರ್ಪು ಬಂದ ಆ ವರ್ಷದ ನವೆಂಬರ್‌ನಲ್ಲಿಯೇ, ನ್ಯಾಯಾಲಯ ಹೇಳದಿದ್ದರೂ, ತಮ್ಮ ಸಚಿವಾಲಯ ಒಂದು ಪತ್ರ ಬರೆದು ಮಹಿಳೆಯರೂ ಗಂಡಸರಂತೆ ಐವತ್ತೆಂಟರವರೆಗೆ ಹಾರಲಿ ಎಂದು ನಿರ್ದೇಶಿಸಿತು. ದಶಕಗಳ ದಾವೆ ಕೊಡದಿದ್ದನ್ನು ಒಂದು ಪತ್ರ ಕೊಟ್ಟಿತು. 2005ರಲ್ಲಿ ವಿಮಾನದ ಮೇಲ್ವಿಚಾರಕರ ಹುದ್ದೆಗೂ ಮಹಿಳೆಯರಿಗೆ ದಾರಿ ತೆರೆಯಿತು. ಆ ಹುದ್ದೆ ಗಂಡಸರಿಗೇ ಸೇರಿದ್ದೆಂದು ಪುರುಷ ಸಹೋದ್ಯೋಗಿಗಳು ಕೋರ್ಟಿಗೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟು ಅವರ ವಾದವನ್ನು ತಳ್ಳಿಹಾಕಿತು. ಆ ಪತ್ರ ಬರೆದ ಸಚಿವಾಲಯವೇ ಇಂದು ತಮ್ಮ ಕೈಯಲ್ಲಿದೆ.

ಅಂದು ಏರ್ ಇಂಡಿಯಾ ಸರ್ಕಾರದ್ದಾಗಿತ್ತು, ಈಗ ಹಾಗಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ನಿಜ. 2022ರ ಜನವರಿಯಲ್ಲಿ ಅದು ಖಾಸಗಿಯವರ ಪಾಲಾಯಿತು. ಮಾರಾಟಕ್ಕೂ ಮೊದಲು ಬಡ್ತಿ ಮತ್ತು ವೇತನದ ಅನ್ಯಾಯಕ್ಕಾಗಿ ಸಂವಿಧಾನದ ಹಕ್ಕಿನ ಮೇಲೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದ್ದ ಅಲ್ಲಿನ ಹಿರಿಯ ಕ್ಯಾಬಿನ್ ಸಿಬ್ಬಂದಿಗೆ, ಸಂಸ್ಥೆ ಈಗ 'ಪ್ರಭುತ್ವ', ಅಂದರೆ ಸರ್ಕಾರದ ಅಂಗ, ಅಲ್ಲವಾದ್ದರಿಂದ ರಿಟ್ ನಿಲ್ಲುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಾನು ಕಂಡ ವಕೀಲರು ಕಡತ ಹಿಂದಿರುಗಿಸಿದ್ದು ಇದೇ ಕಾರಣಕ್ಕೆ. ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14, 15, 16ನೆಯ ವಿಧಿಗಳನ್ನು ಹಿಡಿದುಕೊಂಡು ನರ್ಗೇಶ್ ಮೀರ್ಜಾ ಯಾವ ಬಾಗಿಲು ತಟ್ಟಿದರೋ ಆ ಬಾಗಿಲು ನನಗಿಲ್ಲ. ಖಾಸಗಿ ಕೆಲಸದಲ್ಲಿ ವಯಸ್ಸಿನ ತಾರತಮ್ಯವನ್ನು ತಡೆಯುವ ಪ್ರತ್ಯೇಕ ಕಾನೂನೂ ಈ ದೇಶದಲ್ಲಿಲ್ಲ. ಹಾಗಾದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು? ತಾವು ನಿಯಮ ಮಾಡದಿದ್ದರೆ ಇನ್ಯಾರು ಮಾಡಬೇಕು? ವಿಮಾನದಲ್ಲಿ ಎಷ್ಟು ಆಸನಕ್ಕೆ ಎಷ್ಟು ಸಿಬ್ಬಂದಿ ಇರಬೇಕು, ಅವರು ಎಷ್ಟು ಗಂಟೆ ಹಾರಬಹುದು, ಎಷ್ಟು ವಿಶ್ರಾಂತಿ ಪಡೆಯಬೇಕು ಎಂಬುದನ್ನೆಲ್ಲ ಖಾಸಗಿ ಸಂಸ್ಥೆಗಳ ಇಚ್ಛೆಗೆ ಬಿಟ್ಟಿಲ್ಲವಲ್ಲ. 2014ರಲ್ಲಿ ನಮ್ಮ ತೂಕ ಎಷ್ಟಿರಬೇಕೆಂದು ಹೇಳುವ ನಿಯಮವೂ ಬಂತು, ಗಂಡಿಗೊಂದು ಹೆಣ್ಣಿಗೊಂದು ಅಳತೆಯೊಡನೆ. ತೂಕಕ್ಕೆ ನಿಯಮ ಮಾಡಲು ಸಾಧ್ಯವಾದ ಕೈಗಳಿಗೆ ನಮ್ಮ ಅನ್ನವನ್ನು ಕಾಯಲು ಸಾಧ್ಯವಾಗದೇ? 1934ರ ಕಾಯಿದೆಯನ್ನು ತೆಗೆದು ಭಾರತೀಯ ವಾಯುಯಾನ ಅಧಿನಿಯಮವನ್ನು 2025ರ ಜನವರಿ 1ರಿಂದ ಜಾರಿಗೆ ತಂದಿದ್ದೀರಿ. ಹೊಸ ಕಾಯಿದೆಗೆ ಹೊಸ ನಿಯಮಗಳು ಬೇಕೇ ಬೇಕು. ಅವುಗಳಲ್ಲಿ ಇದೂ ಒಂದಾಗಲಿ.

ಸೇವಾ ಹಿರಿತನದ ವಿಷಯವನ್ನೂ ಹೇಳಲೇಬೇಕು. ಹದಿನೈದು ವರ್ಷದಲ್ಲಿ ನಾನು ಐದು ಒಪ್ಪಂದಗಳಿಗೆ ಸಹಿ ಮಾಡಿದ್ದೇನೆ, ಪ್ರತಿ ಬಾರಿಯೂ ಹೊಸದಾಗಿ ಸೇರಿದವಳಂತೆ. ಅದಕ್ಕೂ ಹಿಂದಿನ ಸಂಸ್ಥೆ ನಿಂತುಹೋದಾಗ ಅಲ್ಲಿನ ಏಳು ವರ್ಷಗಳು ನೀರಿನಲ್ಲಿ ಹೋಮವಾದವು. ಹೊಸಬರ ಜಾಹೀರಾತುಗಳಲ್ಲಿ ಹದಿನೆಂಟರಿಂದ ಇಪ್ಪತ್ತೇಳು ಎಂದು ಅಚ್ಚಾಗಿರುವುದನ್ನು ತಾವೂ ನೋಡಿರುತ್ತೀರಿ. ಕಡಿಮೆ ಸಂಬಳಕ್ಕೆ ಬರುವವರು, ಮೂರು ವರ್ಷಕ್ಕೆ ಹೋಗುವವರು. ಹಿರಿಯಳನ್ನು ಇಳಿಸಿದರೆ ಸಂಬಳದ ಹೊರೆಯೂ ಇಳಿಯುತ್ತದೆ, 'ತಾಜಾ ಮುಖ' ಎಂಬ ಹೆಸರೂ ಬರುತ್ತದೆ. ಹಿರಿತನವಿದ್ದವರು ಒಳ್ಳೆಯ ರೋಸ್ಟರುಗಳನ್ನೆಲ್ಲ ಬಾಚಿಕೊಳ್ಳುತ್ತಾರೆ ಎಂದು ಕಿರಿಯರು ಗೊಣಗುವುದರಲ್ಲಿ ಸತ್ಯವಿಲ್ಲದಿಲ್ಲ. ನಾನೂ ಹಾಗೆ ಗೊಣಗಿದವಳೇ. ಆದರೆ ಹಿರಿತನವೆಂದರೆ ಸರದಿ. ಇಂದು ಕಾದವರಿಗೆ ನಾಳೆ ಸಿಗುತ್ತದೆಂಬ ಭರವಸೆ ಇದ್ದರೆ ಕಾಯಬಹುದು. ಒಪ್ಪಂದದಿಂದ ಒಪ್ಪಂದಕ್ಕೆ ಎಣಿಕೆಯನ್ನು ಸೊನ್ನೆಯಿಂದ ಶುರುಮಾಡಿದರೆ ಆ ಸರದಿ ಯಾರಿಗೂ ಬರುವುದಿಲ್ಲ.

ಅಮೆರಿಕದಲ್ಲಿಯೂ 1960ರ ದಶಕದವರೆಗೆ ಹಲವು ಸಂಸ್ಥೆಗಳು ಗಗನಸಖಿಯರನ್ನು ಮೂವತ್ತೆರಡು, ಮೂವತ್ತೈದಕ್ಕೆ ಮನೆಗೆ ಕಳುಹಿಸುತ್ತಿದ್ದವು. ಕಾನೂನು ಬದಲಾಯಿತು. 1957ರಲ್ಲಿ ಕೆಲಸಕ್ಕೆ ಸೇರಿದ ಬೆಟ್ಟಿ ನ್ಯಾಶ್ ಎಂಬಾಕೆ ಎಂಬತ್ತು ದಾಟಿದ ಮೇಲೂ ಹಾರಿದರು. 2024ರಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಯಸಿದ ಮಾರ್ಗವನ್ನು ಆರಿಸಿಕೊಳ್ಳುವ ಹಿರಿತನ ಅವರಿಗಿತ್ತು. ವಾಷಿಂಗ್ಟನ್-ಬಾಸ್ಟನ್ ಮಾರ್ಗವನ್ನೇ ಆರಿಸಿಕೊಂಡದ್ದು, ಅಂಗವಿಕಲ ಮಗನ ಬಳಿಗೆ ಪ್ರತಿ ರಾತ್ರಿ ಮರಳಬಹುದೆಂದು. ನಾನು ಎಂಬತ್ತರವರೆಗೆ ಕೇಳುತ್ತಿಲ್ಲ. ಐವತ್ತೆಂಟರವರೆಗೆ ಕೇಳುತ್ತಿದ್ದೇನೆ.

2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಶಕ್ತಿ ಕಳೆದುಕೊಂಡ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದ್ದು ಎಲ್ಲರಿಗೂ ನೆನಪಿದೆ. 155 ಮಂದಿಯೂ ಉಳಿದರು. ಪೈಲಟ್‌ನ ಹೆಸರು ಲೋಕಕ್ಕೆಲ್ಲ ಗೊತ್ತು. ಆ ಕೊರೆಯುವ ನೀರಿನಿಂದ ಜನರನ್ನು ರೆಕ್ಕೆಗಳ ಮೇಲಕ್ಕೂ ತೆಪ್ಪಗಳಿಗೂ ದಾಟಿಸಿದ ಮೂವರು ಗಗನಸಖಿಯರೂ ಐವತ್ತು ದಾಟಿದವರು ಎಂಬುದು ಎಷ್ಟು ಜನರಿಗೆ ಗೊತ್ತು? ಶೀಲಾ ಡೇಲ್, ಡೋನಾ ಡೆಂಟ್, ಡೋರೀನ್ ವೆಲ್ಷ್. ನಮ್ಮ ನೀರಜಾ ಭನೋಟ್ 1986ರಲ್ಲಿ ಕರಾಚಿಯಲ್ಲಿ ಪ್ರಯಾಣಿಕರಿಗಾಗಿ ಪ್ರಾಣ ಕೊಟ್ಟಾಗ ಇನ್ನೂ ಇಪ್ಪತ್ಮೂರು ತುಂಬಿರಲಿಲ್ಲ. ಅವಳ ಹೆಸರು ಹೇಳುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ. ಇಪ್ಪತ್ತರವಳನ್ನು ಕೀಳುಮಾಡಿ ಐವತ್ತರವಳನ್ನು ಮೇಲೆತ್ತುವ ಉದ್ದೇಶ ನನ್ನದಲ್ಲ. ವಿಮಾನವನ್ನು ತೊಂಬತ್ತು ಸೆಕೆಂಡಿನಲ್ಲಿ ತೆರವು ಮಾಡಬಲ್ಲವರು ಯಾರು ಎಂಬುದನ್ನು ಅಳೆಯಲು ಪ್ರತಿವರ್ಷ ಪರೀಕ್ಷೆ ಇದೆ. ಆ ಪರೀಕ್ಷೆಯ ಮಾತಿಗೆ ಬೆಲೆ ಇರಲಿ ಎನ್ನುತ್ತಿದ್ದೇನೆ.

ಕಾಕ್‌ಪಿಟ್ಟಿನ ಬಾಗಿಲಿನ ಆಚೆ ಕೂತ ಕ್ಯಾಪ್ಟನ್ ಅರವತ್ತೈದರವರೆಗೆ ಹಾರಬಹುದು. ಅವರ ಹೃದಯ, ಕಣ್ಣು, ಕಿವಿಗಳನ್ನು ವೈದ್ಯರು ನೋಡುತ್ತಾರೆ. ಅವರ ಹಳೆಯ ಫೋಟೊವನ್ನು ಯಾರೂ ಮೇಜಿನ ಮೇಲಿಡುವುದಿಲ್ಲ. ಬಾಗಿಲಿನ ಈಚೆ ಜಂಪ್‌ಸೀಟಿನಲ್ಲಿ, ಸಿಬ್ಬಂದಿಯ ಮಡಚುವ ಆಸನದಲ್ಲಿ, ಕೂತವಳಿಗೆ ಮಾತ್ರ ನಲವತ್ತಾರಕ್ಕೆ ಮುಖ ಹಳೆಯದಾಯಿತು ಎನ್ನುವುದನ್ನು ನಾನು ಒಪ್ಪಲಾರೆ. ಇಪ್ಪತ್ತೆರಡು ವರ್ಷ ನಗುತ್ತ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡವರಿಗೇ ಮುಂದಿನ ಒಪ್ಪಂದ ಎಂದು ನಂಬಿದ್ದೆ. ಆ ನಂಬಿಕೆಗೂ ಅವಧಿ ಮುಗಿಯಿತು.

ಮತ್ತೊಮ್ಮೆ ಕೇಳುತ್ತೇನೆ. ಎಲ್ಲ ಸಂಸ್ಥೆಗಳಿಗೂ ಅನ್ವಯಿಸುವಂತೆ ಗಂಡು-ಹೆಣ್ಣಿಗೆ ಒಂದೇ ನಿವೃತ್ತಿಯ ವಯಸ್ಸು ಗೊತ್ತುಮಾಡಿ. ಅದರೊಳಗೆ ಹಾರಾಟ ನಿಲ್ಲಿಸಲು ವೈದ್ಯಕೀಯ ಅಥವಾ ಸುರಕ್ಷತಾ ಪರೀಕ್ಷೆಯಲ್ಲಿನ ಅನುತ್ತೀರ್ಣತೆ ಅಥವಾ ಸಾಬೀತಾದ ದುರ್ನಡತೆ ಮಾತ್ರ ಕಾರಣವಾಗಲಿ. ಒಪ್ಪಂದ ನವೀಕರಿಸದಿದ್ದರೆ ಕಾರಣವನ್ನು ಬರೆದು ಕೊಡಲಿ, ಅದನ್ನು ಪ್ರಶ್ನಿಸಲು ಒಂದು ಪ್ರಾಧಿಕಾರವಿರಲಿ. ಸೇವಾ ಹಿರಿತನವನ್ನು ಮೊದಲ ಒಪ್ಪಂದದ ಮೊದಲ ದಿನದಿಂದ ಎಣಿಸಲಿ. ಅಭಿಪ್ರಾಯ ಸಂಗ್ರಹ, ಸಮಿತಿ, ಉಪಸಮಿತಿ ಎಂದು ವರ್ಷಗಳನ್ನು ಕಳೆಯಬೇಡಿ. ನಮ್ಮ ಬಳಿ ಇರುವುದೇ ಕೆಲವು ವರ್ಷಗಳು.

ನನ್ನ ವೈದ್ಯಕೀಯ ಪ್ರಮಾಣಪತ್ರ ಮತ್ತು ಸುರಕ್ಷತಾ ಪರೀಕ್ಷೆಯ ಫಲಿತಾಂಶದ ಪ್ರತಿಗಳನ್ನು ತಮಗೆ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಪ್ರಮಾಣಪತ್ರದ ಅವಧಿ ಮುಗಿಯಲು ಇನ್ನೂ ಏಳು ತಿಂಗಳಿವೆ. ಅಷ್ಟರೊಳಗೆ ತಮ್ಮ ನಿಯಮದ ಕರಡನ್ನಾದರೂ ನೋಡುವಂತಾಗಲಿ.

ಇಂತು ತಮ್ಮ ವಿಶ್ವಾಸಿ,
ಕೆಲಸದಿಂದ ಇಳಿಸಲ್ಪಟ್ಟ ಒಬ್ಬ ಗಗನಸಖಿ